ಪೈಪ್ ನಮೂನೆಯಲ್ಲಿ ಟಾರ್ಚ್ ಪರೀಕ್ಷೆ

ಹೊಸ ಟಾರ್ಚಿನ ಡಬ್ಬದ ಮೇಲೆ 'ಬೆಳಕು ಸಾವಿರದ ಇನ್ನೂರು ಮೀಟರ್ ದೂರ ಹೋಗುತ್ತದೆ' ಎಂದು ಬರೆದಿತ್ತು. ನೀರು ಸರಬರಾಜು ಕಚೇರಿಯ ನಲವತ್ತೊಂದು ಜನರಲ್ಲಿ ನಲವತ್ತು ಜನ ಅದನ್ನು ಓದಿ, ನಕ್ಕು, ತಮ್ಮ ತಮ್ಮ ಕುರ್ಚಿಗೆ ಹಿಂದಿರುಗಿದರು. ಉಳಿದ ಒಬ್ಬರು ಉಗ್ರಾಣದ ಗುಮಾಸ್ತರು. ಅವರು ಕನ್ನಡಕ ಸರಿಮಾಡಿಕೊಂಡು, "ಸಾವಿರದ ನೂರ ತೊಂಬತ್ತಕ್ಕೇ ನಿಂತುಬಿಟ್ರೆ?" ಎಂದು ಕೇಳಿದರು. ಮುಂದಿನ ಒಂದು ವಾರದಲ್ಲಿ ನಡೆದ ಎಲ್ಲ ಅನಾಹುತಕ್ಕೂ ಈ ಒಂದು ಪ್ರಶ್ನೆಯೇ ಕಾರಣ.

ಗುಮಾಸ್ತರನ್ನು ಕಚೇರಿಯಲ್ಲಿ ಎಲ್ಲರೂ 'ದಾಖಲೆ' ಎಂದೇ ಕರೆಯುತ್ತಿದ್ದರು. ಹಿಂದೊಮ್ಮೆ ಉಗ್ರಾಣದ ಮೂಲೆಯಲ್ಲಿ ಬೆಕ್ಕು ಮರಿ ಹಾಕಿದಾಗ, ಬಂದ ಸಾಮಾನಿನ ಪುಸ್ತಕದಲ್ಲಿ 'ಬೆಕ್ಕಿನ ಮರಿ, ನಾಲ್ಕು, ಸುಸ್ಥಿತಿಯಲ್ಲಿ' ಎಂದು ಬರೆದು ದಿನಾಂಕ ಹಾಕಿದವರು ಅವರು. ಮರಿಗಳು ದೊಡ್ಡವಾಗಿ ಹೊರಟುಹೋದ ಮೇಲೆ, ಹೊರಗೆ ಹೋದ ಸಾಮಾನಿನ ಪುಸ್ತಕದಲ್ಲಿ ಯಾರ ಸಹಿ ಪಡೆಯಬೇಕೆಂದು ತಿಳಿಯದೆ ಎರಡು ದಿನ ಊಟ ಬಿಟ್ಟಿದ್ದರು.

ಅವರ ಪ್ರಶ್ನೆ ಎಂಜಿನಿಯರ್ ಸಾಹೇಬರ ಕಿವಿಗೆ ಬಿತ್ತು. "ರೀ ದಾಖಲೆ, ಅಷ್ಟೊಂದು ಅನುಮಾನ ಇದ್ರೆ ನೀವೇ ಪರೀಕ್ಷೆ ಮಾಡಿ ವರದಿ ಕೊಡಿ. ಒಂದು ವಾರ ಟೈಮು. ಕಂಪನಿಯವರು ಮಾದರಿಗೆ ಅಂತ ಇಪ್ಪತ್ತನಾಲ್ಕು ಕಳಿಸಿದಾರೆ. ಚೆನ್ನಾಗಿದ್ರೆ ಎಲ್ಲಾ ವಾಲ್ವ್‌ಮನ್‌ಗಳಿಗೂ ಅದನ್ನೇ ತರಿಸೋಣ."

"ವರದಿ ಯಾವ ನಮೂನೇಲಿ ಸರ್?"

"ಯಾವುದಾದ್ರೂ ಒಂದ್ರಲ್ಲಿ ಕೊಡ್ರೀ!"

ಕಚೇರಿಯಲ್ಲಿ ಟಾರ್ಚ್ ಪರೀಕ್ಷೆಗೆ ನಮೂನೆ ಇರಲಿಲ್ಲ. ಇದ್ದದ್ದು ಒಂದೇ, ನಮೂನೆ ಏಳು: ಪೈಪ್ ತಪಾಸಣೆ. ಅದರಲ್ಲಿ ಐದು ಕಾಲಂ. ದೂರ ಎಷ್ಟು, ಕಟ್ಟಡ ಯಾರದು, ಪೈಪಿನ ಅಳತೆ ಏನು, ಸೋರಿಕೆ ಇದೆಯೇ, ಸಾಕ್ಷಿಯ ಸಹಿ. ದಾಖಲೆಯವರು ಇಪ್ಪತ್ತಾರು ವರ್ಷದ ಸೇವೆಯಲ್ಲಿ ಒಂದು ಕಾಲಂ ಕೂಡ ಖಾಲಿ ಬಿಟ್ಟವರಲ್ಲ. ಹಾಗಾಗಿ ಟಾರ್ಚಿನ ಬೆಳಕನ್ನು ಎಲ್ಲಿ ಬಿಡಬೇಕು ಎಂಬ ಪ್ರಶ್ನೆಗೆ ಅವರಲ್ಲಿ ಒಂದೇ ಉತ್ತರವಿತ್ತು. ಪೈಪಿನ ಮೇಲೆ.

ಸಂಜೆ ಮನೆಯಲ್ಲಿ ವಿಷಯ ಕೇಳಿ ಹೆಂಡತಿ ಸೌಟು ಕೆಳಗಿಟ್ಟರು. ಅವರಿಗೆ ಈ ಟಾರ್ಚ್ ಸಣ್ಣ ವಿಷಯವಾಗಿರಲಿಲ್ಲ. ಅವರ ತಮ್ಮ ಅದೇ ಕಚೇರಿಯಲ್ಲಿ ವಾಲ್ವ್‌ಮನ್. ಬೀದಿ ಬೀದಿಯ ಗುಂಡಿಗಳಲ್ಲಿರುವ ವಾಲ್ವ್ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಬಿಡುವ ಹೊತ್ತು ಬೆಳಗಾಗುವ ಮೊದಲು ಮತ್ತು ಸಂಜೆ ಕತ್ತಲಾದ ಮೇಲೆ. ಗುಂಡಿಯ ಆಳ ಐದು ಅಡಿ. ಕಚೇರಿ ಕೊಟ್ಟಿದ್ದ ಹಳೇ ಟಾರ್ಚ್ ಹತ್ತಿದೆಯೋ ಇಲ್ಲವೋ ಎಂದು ನೋಡಲು ಇನ್ನೊಂದು ಟಾರ್ಚ್ ಬೇಕಾಗುತ್ತಿತ್ತು. ಒಂದೇ ವರ್ಷದಲ್ಲಿ ಅವನು ಎರಡು ಸಲ ಗುಂಡಿಗೆ ಬಿದ್ದಿದ್ದ. ಮೊದಲ ಸಲ ಬಲಗಾಲು, ಎರಡನೇ ಸಲ ಎಡಗಾಲು.

"ಮೂರನೇ ಸಲಕ್ಕೆ ಅವನ ಹತ್ರ ಕಾಲೇ ಉಳಿದಿಲ್ಲ ರೀ," ಎಂದರು ಹೆಂಡತಿ. "ಈ ಟಾರ್ಚ್ ಪಾಸ್ ಆಗ್ಬೇಕು."

"ಚೆನ್ನಾಗಿದ್ರೆ ಪಾಸಾಗುತ್ತೆ. ವರದೀಲಿ ಸಂಬಂಧ ನೋಡೋಕಾಗಲ್ಲ."

"ಫೇಲಾದ್ರೆ?"

"ಇನ್ನು ಮೂರು ವರ್ಷ ಹಳೇ ಟಾರ್ಚೇ. ಖರೀದಿ ಇರೋದೇ ಮೂರು ವರ್ಷಕ್ಕೊಂದ್ಸಲ."

"ಹಾಗಾದ್ರೆ ಆ ಮೂರು ವರ್ಷ ಅಡುಗೇನೂ ನೀವೇ ಮಾಡ್ಕೊಳ್ಳಿ."

ಪರೀಕ್ಷೆಯ ಮೇಲೆ ಹೊರಗಿನ ಒತ್ತಡ ಬಂದದ್ದು ಅದೇ ಮೊದಲು. ದಾಖಲೆಯವರು ಅದನ್ನು ಗಂಟೆ ನಿಮಿಷದ ಸಮೇತ ಬರೆದಿಟ್ಟುಕೊಂಡರು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಭಾವಮೈದುನ ಕಚೇರಿಯ ಅಂಗಿ ತೊಟ್ಟು, ಅಳತೆಯ ಚಕ್ರ ಉರುಳಿಸಿಕೊಂಡು, ಕುಂಟುತ್ತಾ ಹೊರಟ. ದಾಖಲೆಯವರ ಮೂರಂತಸ್ತಿನ ಮನೆಯ ಬಾಗಿಲಿನಿಂದ ದೂರ ಅಳೆಯುವುದು, ಒಳ್ಳೆಯ ಪೈಪ್ ಕಂಡ ಮನೆಯ ಮುಂದೆ ನಿಲ್ಲುವುದು, ಮೇಲೆ ನೋಡುವುದು, ತಲೆಯಾಡಿಸುವುದು, ಕಾಂಪೌಂಡ್ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ದೂರ ಬರೆಯುವುದು. ಅವನು ಮಾಡಿದ್ದು ಇಷ್ಟೇ. ಆದರೆ ಪೈಪ್ ಇರುವ ಮನೆಯ ಮುಂದೆ ನೀರಿನ ಕಚೇರಿಯವನು ತಲೆಯಾಡಿಸಿದರೆ ಏನರ್ಥ ಎಂಬುದು ಕದ್ದು ಪೈಪ್ ಹಾಕಿಸಿದವರಿಗೆ ಮಾತ್ರ ಗೊತ್ತು.

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲಿನ ಸಂಖ್ಯೆಗಳ ಬಗ್ಗೆ ಬೀದಿಯಲ್ಲಿ ಮೂರು ಅಭಿಪ್ರಾಯಗಳಿದ್ದವು. ಲಾಂಡ್ರಿಯವನ ಪ್ರಕಾರ ಅದು ಮನೆ ಒಡೆಯುವ ಸರದಿ. ನಿವೃತ್ತ ಮೇಷ್ಟರ ಪ್ರಕಾರ ಕೇಸಿನ ನಂಬರು. ಹಲ್ಲಿನ ಡಾಕ್ಟರಮ್ಮನ ಪ್ರಕಾರ ನೀರು ಕಟ್ ಆಗುವ ದಿನಗಳ ಲೆಕ್ಕ.

"ನನಗ್ಯಾಕೆ ಆರುನೂರ ಇಪ್ಪತ್ತು ದಿನ, ಅವನಿಗೆ ಬರೀ ಮುನ್ನೂರ ನಲವತ್ತು?" ಎಂದು ಡಾಕ್ಟರಮ್ಮ ಬೀದಿಯಲ್ಲೇ ನಿಂತು ಕೇಳಿದರು. "ನಾನು ಜನರ ಬಾಯಿ ಮುಕ್ಕಳಿಸೋಕೆ ಒಂದು ಲೋಟ ಕೊಡ್ತೀನಿ. ಅವನು ದಿನಾ ಕೆರೆಯಷ್ಟು ನೀರು ಸುರೀತಾನೆ!"

"ನಾನೇನು ನಿಮ್ಮ ಹಾಗೆ ಬಾತ್‌ರೂಮಿಗೊಂದು, ತೋಟಕ್ಕೊಂದು ಪೈಪ್ ಹಾಕ್ಸಿದೀನಾ?" ಎಂದ ಲಾಂಡ್ರಿಯವನು.

ಹೀಗೆ, ಟಾರ್ಚ್ ಇನ್ನೂ ಹತ್ತುವ ಮೊದಲೇ ಬೀದಿಯ ಮೇಲೆ ಸಾಕಷ್ಟು ಬೆಳಕು ಬಿದ್ದಿತ್ತು.

ಸಂಜೆ ಏಳು ಗಂಟೆ ಐದು ನಿಮಿಷಕ್ಕೆ ತಾರಸಿಯ ಮೇಲೆ ಪರೀಕ್ಷೆ ಶುರುವಾಯಿತು. ಟಾರ್ಚ್ ಹಿಡಿಯುವ ಕೆಲಸ ಹೆಂಡತಿಯದು, ಬರೆಯುವುದು ದಾಖಲೆಯವರದು. ಭಾವಮೈದುನ ಸುಣ್ಣದ ಗುರುತಿನ ಹತ್ತಿರ ನಿಂತು, ಬೆಳಕು ಬಿದ್ದ ಪೈಪಿನ ವಿವರವನ್ನು ಫೋನಿನಲ್ಲಿ ಹೇಳಬೇಕು.

"ಒತ್ತು," ಎಂದರು ದಾಖಲೆಯವರು.

ಹೆಂಡತಿ ಒತ್ತಿದರು. ಬೀದಿಗೆ ಬೆಳಗಾಯಿತು. ಮಲಗಿದ್ದ ಕಾಗೆಗಳು ಎದ್ದು ಡ್ಯೂಟಿಗೆ ಹೊರಟವು. ಎದುರು ಮನೆಯ ಅಜ್ಜ ದಿಂಬಿನಿಂದ ತಲೆಯೆತ್ತಿ, "ಕಾಫಿ ಆಯ್ತಾ?" ಎಂದು ಕೂಗಿದರು. ಆಕಾಶದಲ್ಲಿದ್ದ ಚಂದ್ರ ಇದ್ದಕ್ಕಿದ್ದಂತೆ ಹಳೇ ಟಾರ್ಚಿನ ಹಾಗೆ ಕಂಡ.

ಫೋನಿನಲ್ಲಿ ಭಾವಮೈದುನ ಕಿರುಚಿದ. "ಭಾವ! ಬೆಳಕು ಅಂದ್ರೆ ಬೆಳಕು! ಪೈಪಿನ ಮೇಲೆ ಇರುವೆ ಹೋಗ್ತಿದೆ, ಅದರ ಮೀಸೆ ಕಾಣ್ತಿದೆ!"

"ಇರುವೆ ಬೇಡ. ಪೈಪಿನ ಅಳತೆ ಹೇಳು."

"ಎರಡಿಂಚು. ಲಾಂಡ್ರೀದು. ನೀರಿನ ಮೀಟರಿಗಿಂತ ಮುಂಚೇನೇ ತಿರುಗಿ ಹಿಂದೆ ಹೋಗಿದೆ."

"ಸೋರಿಕೆ?"

"ಇದೆ ಭಾವ. ಕೀಲಿನ ಹತ್ರ."

ದಾಖಲೆಯವರು ನಾಲ್ಕು ಕಾಲಂ ತುಂಬಿಸುವಷ್ಟರಲ್ಲಿ ಐದನೆಯದು ತಾನೇ ಮೆಟ್ಟಿಲು ಹತ್ತಿ ಬಂತು. ಲಾಂಡ್ರಿಯವನು ಏದುಸಿರು ಬಿಡುತ್ತಾ ಕೈಮುಗಿದ. "ಸಾರ್, ಅದು ಪೈಪಲ್ಲ ಸಾರ್. ಬಟ್ಟೆ ಒಣಗಿಸೋ ಕೋಲು."

ದಾಖಲೆಯವರು ಪ್ರಾಮಾಣಿಕವಾಗಿ ಬರೆದುಕೊಂಡರು: 'ಮಾಲೀಕರ ಪ್ರಕಾರ ಬಟ್ಟೆ ಒಣಗಿಸುವ ಕೋಲು. ಕೋಲಿನಿಂದ ನೀರು ಸೋರುತ್ತಿದೆ.' ಆಮೇಲೆ ಪೆನ್ನು ಅವನ ಕೈಗೆ ಕೊಟ್ಟು, "ಬೆಳಕು ಬಿದ್ದದ್ದು ನೋಡಿದ್ರಲ್ಲ? ಇಲ್ಲೊಂದು ಸಹಿ ಹಾಕಿ," ಎಂದರು.

"ಸಹಿ ಹಾಕಿದ್ರೆ ಬಿಟ್ಟುಬಿಡ್ತೀರಾ ಸಾರ್?"

"ನಿಮ್ಮದು ಮುಗೀತು. ಮುಂದಿನ ಮನೆಗೆ ಹೋಗ್ತೀನಿ."

ಲಾಂಡ್ರಿಯವನು ಇಷ್ಟು ಸುಲಭದ ಬಿಡುಗಡೆಯನ್ನು ಕನಸಿನಲ್ಲೂ ಎಣಿಸಿರಲಿಲ್ಲ. ಕೆಳಗಿಳಿದು ಬೀದಿಗೆಲ್ಲ ಸಾರಿದ: "ಹೋಗಿ ಒಪ್ಪಿಕೊಂಡು ಸಹಿ ಹಾಕ್ಬಿಡಿ. ಏನೂ ಮಾಡಲ್ಲ!"

ಮೆಟ್ಟಿಲ ಮೇಲೆ ಸಾಲು ನಿಂತಿತು. ಡಾಕ್ಟರಮ್ಮ ಪೈಪ್ ಹಾಕಿಸಿದ್ದು ತಮ್ಮ ಮಾವ ಎಂದರು. ಮಾವ ಎಲ್ಲಿದ್ದಾರೆ ಎಂದರೆ ತೀರಿಕೊಂಡರು ಎಂದರು. ಯಾವಾಗ ಎಂದರೆ ಪೈಪ್ ಹಾಕಿಸುವುದಕ್ಕೆ ಎರಡು ವರ್ಷ ಮೊದಲು ಎಂದು ಬಾಯಿತಪ್ಪಿ ಹೇಳಿ, ನಾಲಿಗೆ ಕಚ್ಚಿಕೊಂಡು ಸಹಿ ಹಾಕಿದರು. ನಿವೃತ್ತ ಮೇಷ್ಟ್ರು ಬಂದದ್ದು ತಪ್ಪೊಪ್ಪಿಗೆಗಲ್ಲ, ಮಾರ್ಗದರ್ಶನಕ್ಕೆ. ಹೆಂಡತಿಯ ಪಕ್ಕದಲ್ಲಿ ನಿಂತು, "ಇನ್ನೂ ಸ್ವಲ್ಪ ಬಲಕ್ಕೆ ತಿರುಗಿಸಮ್ಮಾ, ಆ ಹಸಿರು ಮನೆ. ಇಡೀ ಊರಿನ ನೀರು ಅಲ್ಲೇ ಹೋಗೋದು. ಇನ್ನೂ ಬಲಕ್ಕೆ, ಇನ್ನೂ..." ಎನ್ನುತ್ತಿದ್ದವರು ಗಕ್ಕನೆ, "ಸಾಕು, ಸಾಕು, ಎಡಕ್ಕೆ!" ಎಂದರು. ಅಷ್ಟರಲ್ಲಿ ಫೋನಿನಿಂದ ಭಾವಮೈದುನ, "ಮೇಷ್ಟ್ರ ಮನೇದು ಒಂದೂವರೆ ಇಂಚು ಭಾವ," ಎಂದ.

ಹತ್ತು ಮನೆ ಮುಗಿಯಿತು. ಉಳಿದದ್ದು ಕೊನೆಯದು. ಎದುರಿನ ದಿಬ್ಬದ ಮೇಲಿನ ಹಳದಿ ಬಂಗಲೆ, ಸರಿಯಾಗಿ ಸಾವಿರದ ಇನ್ನೂರು ಮೀಟರ್. ಭಾವಮೈದುನ ಅಲ್ಲಿ ತಲುಪಲು ಇಪ್ಪತ್ತು ನಿಮಿಷ ಹಿಡಿಯಿತು. ಬೆಳಕು ತಲುಪಲು ಏನೂ ಹಿಡಿಯಲಿಲ್ಲ.

"ಭಾವ," ಎಂದಿತು ಫೋನು, ಬಹಳ ಸಣ್ಣ ದನಿಯಲ್ಲಿ. "ಬೆಳಕು ಚೆನ್ನಾಗಿ ಬಿದ್ದಿದೆ. ಆದ್ರೆ ಇದು ಯಾರ ಮನೆ ಗೊತ್ತಾ? ಕಾವಲುಗಾರ ಈಗಷ್ಟೇ ಹೇಳಿದ."

"ಹೇಳು, ಎರಡನೇ ಕಾಲಂ ಅದೇ."

"ನಮ್ಮ ಎಂಜಿನಿಯರ್ ಸಾಹೇಬ್ರದು. ಮೂರು ಪೈಪಿವೆ. ಮೂರೂ ಮೀಟರ್‌ಗೆ ಮುಂಚೇನೇ... ಭಾವ, ಇದು ಬರೀಬೇಡಿ."

"ಕಾಲಂ ಖಾಲಿ ಬಿಡ್ಲಾ?" ಎಂದರು ದಾಖಲೆಯವರು. ಅವರ ದನಿಯಲ್ಲಿ ನಿಜವಾದ ಆಘಾತವಿತ್ತು. ಅಲ್ಲದೆ ಅವರಿಗೆ ಒಳಗೊಳಗೇ ಖುಷಿಯಾಗಿತ್ತು. ಪರೀಕ್ಷೆಗೆ ಸಾಹೇಬರ ಮನೆಗಿಂತ ನಂಬಿಕೆಯ ಜಾಗ ಬೇರೆ ಯಾವುದು? ಆ ಸಂಜೆ ಸಾಹೇಬರು ಮನೆಯಲ್ಲಿರಲಿಲ್ಲ. ಕಾವಲುಗಾರ, ಇದೂ ಕಚೇರಿಯ ಕೆಲಸವೆಂದುಕೊಂಡು, ಭಾವಮೈದುನನ ಜೊತೆ ತಾರಸಿಗೆ ಬಂದು ಸಂತೋಷದಿಂದ ಸಾಕ್ಷಿ ಸಹಿ ಹಾಕಿದ.

ಸೋಮವಾರ ಬೆಳಿಗ್ಗೆ ವರದಿ ಎಂಜಿನಿಯರ್ ಸಾಹೇಬರ ಮೇಜಿನ ಮೇಲಿತ್ತು. ಮೊದಲ ಸಾಲು, 'ಟಾರ್ಚ್ ಅತ್ಯುತ್ತಮ.' ಸಾಹೇಬರು ಮೆಚ್ಚಿ ಪುಟ ತಿರುಗಿಸಿದರು. ಮೂರನೇ ಪುಟಕ್ಕೆ ಮೆಚ್ಚುಗೆ ನಿಂತಿತು. ನಾಲ್ಕನೇ ಪುಟಕ್ಕೆ ಉಸಿರೂ ನಿಂತಿತು.

"ಇದು ಟಾರ್ಚಿನ ವರದಿನಾ, ಪೈಪಿನ ವರದಿನಾ?"

"ಟಾರ್ಚಿಂದೇ ಸರ್. ಪೈಪು ಉದಾಹರಣೆಗೆ."

"ಈ ಹನ್ನೊಂದನೇ ಸಾಲು?"

"ತಮ್ಮದೇ ಸರ್. ಇಷ್ಟು ಸ್ಪಷ್ಟವಾಗಿ ಬೇರೆ ಯಾವ ಮನೇದೂ ಕಾಣಲಿಲ್ಲ. ಹನಿ ಬೀಳೋದೂ ಎಣಿಸಿದೀವಿ. ನಿಮಿಷಕ್ಕೆ ಹದಿನಾಲ್ಕು."

"ಇದನ್ನ ಹರಿದು ಹಾಕಿ!"

"ನಮೂನೆ ಏಳಕ್ಕೆ ನಂಬರ್ ಇದೆ ಸರ್. ಹರಿದ್ರೆ ಯಾಕೆ ಹರಿದ್ವಿ ಅಂತ ನಮೂನೆ ಎಂಟರಲ್ಲಿ ಬರೀಬೇಕು. ಒಂದು ಪ್ರತಿ ನಾಡಿದ್ದು ಮೇಲಿನ ಕಚೇರಿಗೆ ಹೋಗುತ್ತೆ."

ಸಾಹೇಬರು ಕಾಲೇಜಿನಲ್ಲಿ ಚಿನ್ನದ ಪದಕ ಪಡೆದಿದ್ದವರು. ಆ ಪದಕ ಅಂದು ಕೆಲಸಕ್ಕೆ ಬಂತು. ಟಾರ್ಚ್ ಒಳ್ಳೆಯದಾದರೆ ಬೆಳಕು ನಿಜ. ಬೆಳಕು ನಿಜವಾದರೆ ಪೈಪು ನಿಜ. ಟಾರ್ಚಿನಲ್ಲಿ ಬೆಳಕೇ ಇಲ್ಲವೆಂದಾದರೆ, ಕತ್ತಲಲ್ಲಿ ಯಾರೂ ಏನನ್ನೂ ಕಂಡಿಲ್ಲ. ಅವರು ಗಂಭೀರವಾಗಿ ಹೇಳಿದರು: "ಈ ಪರೀಕ್ಷೆ ಸರಿಯಾಗಿಲ್ಲ. ನಾಳೆ ಹನ್ನೊಂದಕ್ಕೆ ನನ್ನೆದುರಿಗೇ ಮರುಪರೀಕ್ಷೆ. ಸಹಿ ಹಾಕಿದ ಸಾಕ್ಷಿಗಳೆಲ್ಲ ಬರಲಿ."

ಸುದ್ದಿ ತಿಳಿದು ಹೆಂಡತಿ ತಮ್ಮನ ಎರಡೂ ಕಾಲಿಗೆ ಎಣ್ಣೆ ತಿಕ್ಕುತ್ತಾ, "ನಾಳೆ ಅವರೆಲ್ಲ ನಿಜ ಹೇಳ್ತಾರಾ ರೀ?" ಎಂದು ಕೇಳಿದರು.

"ಅಷ್ಟು ದೊಡ್ಡ ಬೆಳಕನ್ನ ಇಲ್ಲ ಅನ್ನೋಕಾಗುತ್ತಾ? ಕಣ್ಣಿದ್ದವರಲ್ವಾ?" ಎಂದರು ದಾಖಲೆಯವರು.

ಮಂಗಳವಾರ ಹನ್ನೊಂದಕ್ಕೆ ಕಚೇರಿಯ ಸಭಾಕೋಣೆಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಲಾಯಿತು. ಹನ್ನೊಂದು ಸಾಕ್ಷಿಗಳು ಎರಡು ಸಾಲಿನಲ್ಲಿ ಕುಳಿತರು. ಸಾಹೇಬರು ಅವರೊಂದಿಗೆ ಮೊದಲೇ ಹತ್ತು ನಿಮಿಷ ಟೀ ಕುಡಿದಿದ್ದರು, ಮಾತೇನಾಯಿತೆಂಬುದು ತಿಳಿದುಬಂದಿಲ್ಲ. ಟಾರ್ಚ್ ಕಂಪನಿಯ ಪ್ರತಿನಿಧಿ ಟೈ ಕಟ್ಟಿಕೊಂಡು, ಗೆದ್ದವನ ನಗೆ ನಗುತ್ತಾ ನಿಂತಿದ್ದ. ಭಾವಮೈದುನ ಬಾಗಿಲಿಗೆ ಒರಗಿದ್ದ.

ದಾಖಲೆಯವರು ಒತ್ತಿದರು.

ಕೋಣೆ ಬೆಳ್ಳಗಾಯಿತು. ಮೇಜಿನ ಮೇಲಿನ ಗಾಜಿನ ಲೋಟ ಒಂದು ಕ್ಷಣ ಮಾಯವೇ ಆಯಿತು. ಎಂಜಿನಿಯರ್ ಸಾಹೇಬರು ಕಣ್ಣಿಗೆ ಫೈಲು ಅಡ್ಡ ಹಿಡಿದು, "ಹಚ್ಚಿದ್ರಾ?" ಎಂದರು.

"ಹಚ್ಚಿದೀನಿ ಸರ್."

"ಯಾವಾಗ?"

"ನಂಗಂತೂ ಏನೂ ಕಾಣ್ತಿಲ್ಲ ಸಾರ್," ಎಂದ ಲಾಂಡ್ರಿಯವನು. ಇದು ಅಕ್ಷರಶಃ ನಿಜ. ಅವನು ಎರಡೂ ಕಣ್ಣು ಮುಚ್ಚಿ ಮೇಲೆ ಕರವಸ್ತ್ರ ಕಟ್ಟಿದ್ದ. ಡಾಕ್ಟರಮ್ಮನ ಕಣ್ಣಿನಿಂದ ಧಾರಾಕಾರ ನೀರು. "ಧೂಳು, ಬರೀ ಧೂಳು," ಎಂದರು. ಮೇಷ್ಟ್ರು ಎದ್ದು, ಕೈ ಮುಂದೆ ಚಾಚಿ, ತಡಕಾಡುತ್ತಾ ನಡೆದು ತೋರಿಸಿದರು. "ಅಬ್ಬಬ್ಬಾ, ಏನು ಕತ್ತಲೆ! ಇದು ಯಾರ ತಲೆ?"

"ನನ್ನದು ಮೇಷ್ಟ್ರೇ," ಎಂದ ಕಾವಲುಗಾರ.

ಪ್ರತಿನಿಧಿಯ ನಗೆ ಕರಗಿತು. "ಸರ್, ಏನ್ ಸರ್ ಇದು! ಉರೀತಿದೆ ಸರ್! ಗೋಡೆ ಮೇಲೆ ನಿಮ್ಮ ನೆರಳು ಕಾಣ್ತಿದೆ ನೋಡಿ! ಬೆಳಕಿಲ್ಲದೆ ನೆರಳು ಹೇಗೆ ಬರುತ್ತೆ?"

"ಅದು ನೆರಳಲ್ಲ. ಗೋಡೆಗೆ ತೇವ ಹಿಡಿದಿದೆ," ಎಂದರು ಸಾಹೇಬರು ಕೈ ಎತ್ತಿ ತೋರಿಸುತ್ತಾ. ತೇವವೂ ಕೈ ಎತ್ತಿತು.

"ತೇವ ಕೈ ಎತ್ತಿತು ಸರ್!"

"ಹಳೇ ಕಟ್ಟಡ."

ದಾಖಲೆಯವರು ಟಾರ್ಚನ್ನು ತಮ್ಮತ್ತ ತಿರುಗಿಸಿ ನೋಡಿಕೊಂಡರು. ಮೂರು ನಿಮಿಷ ಅವರಿಗೆ ಪ್ರಪಂಚವೆಲ್ಲ ನೇರಳೆ ಬಣ್ಣದ ಉಂಡೆಯಾಗಿ ಕಂಡಿತು. ಕೊನೆಯ ಆಸೆಯಿಂದ ಬಾಗಿಲ ಕಡೆಗೆ ಕೈ ತೋರಿದರು. "ಸರ್, ಇವನನ್ನ ಕೇಳಿ. ಇದನ್ನ ಹಿಡಿದು ಕೆಲಸ ಮಾಡಬೇಕಾದವನು ಇವನು."

"ಕಾಣ್ತಿದೆ ಸರ್," ಎಂದ ಭಾವಮೈದುನ. "ನನ್ನ ಎರಡು ಕಾಲೂ ಕಾಣ್ತಿವೆ."

"ನೀನು ಅವರ ಸಂಬಂಧಿ. ನಿನ್ನ ಸಾಕ್ಷಿ ನಡೆಯಲ್ಲ. ಬರ್ಕೊಳ್ಳಿ: ಬೆಳಕು ಇಲ್ಲ."

ಹನ್ನೊಂದು ಜನ ಸಹಿ ಹಾಕಿದರು. ಎಲ್ಲರೂ ಟಾರ್ಚಿನ ಬೆಳಕಿನಲ್ಲೇ ಗೆರೆ ನೋಡಿಕೊಂಡು ಹಾಕಿದರು. ಪ್ರತಿನಿಧಿ ಕುರ್ಚಿಯಲ್ಲಿ ಕುಸಿದು ಕಣ್ಣುಜ್ಜಿಕೊಂಡ. "ಇಷ್ಟು ಜನಕ್ಕೆ ಕಾಣದ್ದು ನನಗೊಬ್ಬನಿಗೆ ಕಾಣ್ತಿದೆ ಅಂದ್ರೆ ದೋಷ ನನ್ನದೇ. ಆ ಡಬ್ಬ ನೀವೇ ಇಟ್ಕೊಳ್ಳಿ ಸರ್, ವಾಪಸ್ ಬೇಡ ಅಂತ ಬರೆದುಕೊಡ್ತೀನಿ. ನಾನು ಇನ್ಮೇಲೆ ಬಕೆಟ್ ಮಾರ್ತೀನಿ." ಬರೆದುಕೊಟ್ಟು, ಗೋಡೆಯ ತೇವಕ್ಕೆ ಒಂದು ನಮಸ್ಕಾರ ಹಾಕಿ ಹೊರಟುಹೋದ.

ಸಾಹೇಬರು ಹಗುರವಾಗಿ ಎದ್ದರು. ದಾಖಲೆಯವರು ಏಳಲಿಲ್ಲ. ಅವರ ಮುಖ ಸತ್ತವರ ಮನೆಯಿಂದ ಬಂದವರ ಮುಖದಂತಿತ್ತು. ಆದರೆ ಕೆಲಸ ಕೆಲಸವೇ.

"ಸರ್, ಇಪ್ಪತ್ತನಾಲ್ಕೂ ಉಗ್ರಾಣದಲ್ಲೇ ಉಳೀತು. ಪುಸ್ತಕದಲ್ಲಿ ಯಾವ ಹೆಸರಲ್ಲಿ ಬರೀಲಿ?"

"ಟಾರ್ಚ್ ಅಂತ ಬರೀರಿ."

"ಬೆಳಕು ಕೊಟ್ರೆ ಮಾತ್ರ ಟಾರ್ಚ್ ಸರ್. ಟಾರ್ಚ್ ಅಂತ ಬರೆದ್ರೆ ಈಗಿನ ಸಭೆ ಸುಳ್ಳಾಗುತ್ತೆ. ಹಳೇ ವರದಿ ನಿಜ ಆಗುತ್ತೆ."

ಸಾಹೇಬರು ಮತ್ತೆ ಕುಳಿತರು. "ಎಸೆದುಬಿಡಿ."

"ಎಸೆಯೋಕೆ ಮುಂಚೆ ಮೇಲಿನ ಕಚೇರಿಯವರು ಬಂದು ನೋಡ್ಬೇಕು ಸರ್. ಬಂದವರು ಒಂದ್ಸಲ ಒತ್ತಿಯೇ ಒತ್ತುತ್ತಾರೆ."

"ಬೇಡ! ಯಾರೂ ಒತ್ತೋದು ಬೇಡ! ಮತ್ತೇನು ಮಾಡೋದು?"

ದಾಖಲೆಯವರು ಒಂದು ಟಾರ್ಚನ್ನು ಮೇಜಿನ ಮೇಲಿಟ್ಟು, ಅಳತೆಪಟ್ಟಿ ತೆಗೆದು, ಎರಡು ಸಲ ಅಳೆದರು. "ಉದ್ದ ಒಂದಡಿ. ಅಡ್ಡ ಒಂದೂವರೆ ಇಂಚು. ಲೋಹ. ಒಳಗೆ ಪೊಳ್ಳು. ಬೆಳಕು ಇಲ್ಲ. ನಮ್ಮ ಪಟ್ಟಿ ಪ್ರಕಾರ ಇದು ಪೈಪು ಸರ್."

"ಪೈಪೇ?"

"ಪೈಪಿನ ತುಂಡು. ಒಂದಡಿ ತುಂಡುಗಳನ್ನ ನಾವು ವಾಲ್ವ್‌ಮನ್‌ಗಳಿಗೆ ಕೊಡ್ತೀವಿ, ಗುಂಡಿ ಮುಚ್ಚಳ ಬಡಿದು ಸಡಿಲ ಮಾಡೋಕೆ. ಒಬ್ಬರಿಗೆ ಒಂದು. ಅದಕ್ಕೆ ಮೇಲಿನ ಕಚೇರಿ ಒಪ್ಪಿಗೆ ಬೇಕಿಲ್ಲ. ತಾವು ಸಹಿ ಹಾಕಿದ್ರೆ ಸಾಕು."

ಸಾಹೇಬರು ಆಸೆಬುರುಕ ಮಗುವಿನಂತೆ ಪೆನ್ನು ಕಿತ್ತುಕೊಂಡರು. ಮೂರು ಕಡೆ ಸಹಿ ಬಿತ್ತು.

ದಾಖಲೆಯವರು ಇದನ್ನು ತಿಳಿದು ಮಾಡಿದರೋ, ತಿಳಿಯದೆ ಮಾಡಿದರೋ ಎಂಬ ಬಗ್ಗೆ ಕಚೇರಿಯಲ್ಲಿ ಇಂದಿಗೂ ಒಮ್ಮತವಿಲ್ಲ. ಅವರನ್ನೇ ಕೇಳಿದರೆ, "ಪೊಳ್ಳಾಗಿದ್ರೆ ಪೈಪು ಅಲ್ವಾ?" ಎಂದು ತಿರುಗಿ ಕೇಳುತ್ತಾರೆ. ಹೆಂಡತಿಗೆ ಅನುಮಾನವೇ ಇಲ್ಲ. ಅಂದು ಮಧ್ಯಾಹ್ನ ತಮ್ಮನಿಂದ ಫೋನಿನಲ್ಲಿ ಸುದ್ದಿ ತಿಳಿದಾಗ ಅವರು ಮೊದಲು ನಕ್ಕು, ಆಮೇಲೆ ಅತ್ತು, ಆಮೇಲೆ ಅಡುಗೆಮನೆಗೆ ಹೋದರು.

ಅದೇ ಸಂಜೆ ಏಳಕ್ಕೆ ವಾಲ್ವ್‌ಮನ್‌ಗಳು ತಮ್ಮ ತಮ್ಮ ಪೈಪಿನ ತುಂಡು ಹಿಡಿದು ಕೆಲಸಕ್ಕೆ ಹೊರಟರು. ಊರಿನ ಎಲ್ಲ ಮೂಲೆಗಳಲ್ಲೂ ಒಮ್ಮೆಲೇ ಹಗಲಾಯಿತು. ಭಾವಮೈದುನನ ಸರದಿ ದಿಬ್ಬದ ಮೇಲಿತ್ತು. ಅಲ್ಲಿಯ ಗುಂಡಿ ಇರುವುದು ಹಳದಿ ಬಂಗಲೆಯ ಗೇಟಿನ ಎದುರಿಗೇ. ಅವನು ಗೇಟಿನ ಹತ್ತಿರ ನಿಂತು, ಒತ್ತಿ, ಗುಂಡಿಯ ಅಂಚು ನೋಡಿದ, ಮೆಟ್ಟಿಲು ನೋಡಿದ, ತಳ ನೋಡಿದ. ಬಂಗಲೆಯ ಗೋಡೆ, ಕಿಟಕಿ, ಮೂರು ಪೈಪು ಎಲ್ಲವೂ ಬೆಳ್ಳಿಯ ಹಾಗೆ ಹೊಳೆದವು.

ಎಂಜಿನಿಯರ್ ಸಾಹೇಬರು ಮೊಣಕೈಯನ್ನು ಕಣ್ಣಿಗೆ ಅಡ್ಡ ಹಿಡಿದುಕೊಂಡು ಓಡಿಬಂದರು. "ಯಾವನೋ ಅದು? ಆರಿಸೋ! ಮೊದಲು ಆರಿಸೋ!"

ಭಾವಮೈದುನ ವಿನಯದಿಂದ ಕೇಳಿದ. "ಏನನ್ನ ಆರಿಸ್ಲಿ ಸರ್?"

ಸಾಹೇಬರು ಸುತ್ತ ನೋಡಿದರು. ಕಾಂಪೌಂಡಿನ ಆಚೆ ಪಕ್ಕದ ಮನೆಯವರು ಇಣುಕುತ್ತಿದ್ದರು. ಸಾಹೇಬರು ಮೆಲ್ಲಗೆ ಮೊಣಕೈ ಇಳಿಸಿದರು. ಎರಡೂ ಕಣ್ಣಿನಿಂದ ನೀರು ಇಳಿಯಿತು.

"ಏನಿಲ್ಲಪ್ಪ," ಎಂದರು. "ನೋಡ್ಕೊಂಡು ಇಳಿ. ತುಂಬಾ ಕತ್ತಲೆ ಇದೆ."